ಪುಟ್ಟಿ, ಫೋನಲ್ಲಿ ಹೇಳಲಾಗದ್ದು

ಪ್ರೀತಿಯ ಪುಟ್ಟಿ,

ಸೋಮವಾರ ರಾತ್ರಿ ನೀನು ಫೋನ್ ಮಾಡಿ "ಅಪ್ಪಾ, ಇನ್ನು ಲಾಂಗ್ ಜಂಪ್ ಸಾಕು" ಅಂದಾಗ ನಾನು "ಸರಿ ಬಿಡು" ಅಂತಷ್ಟೇ ಹೇಳಿ ಅಮ್ಮನ ಕೈಗೆ ಫೋನ್ ಕೊಟ್ಟುಬಿಟ್ಟೆ. ಕೋಪ ಅಲ್ಲ ಕಣೇ. ಗಂಟಲು ಕಟ್ಟಿತ್ತು.

2018ರಲ್ಲಿ, ನೀನು ಪಿಯುಸಿಯಲ್ಲಿದ್ದಾಗ, ಒಲಿಂಪಿಕ್ಸ್‌ನ ಸ್ಕೀ ಜಂಪ್ ನೋಡಿದ್ದು ನೆನಪಿದೆಯಾ? ನಾರ್ವೆಯ ಮಾರೆನ್ ಲುಂಡ್ಬಿ ಚಿನ್ನ ಗೆದ್ದಳು. ಹಿಮದ ಇಳಿಜಾರಲ್ಲಿ ಗಂಟೆಗೆ ಸುಮಾರು 90 ಕಿ.ಮೀ. ವೇಗದಲ್ಲಿ ಜಾರಿ ಬಂದು, ಕಾಲಿನ ಹಲಗೆಗಳನ್ನು ವಿ ಆಕಾರಕ್ಕೆ ಅಗಲಿಸಿ, ಗಾಳಿಯ ಮೇಲೆ ಒರಗಿಕೊಂಡುಬಿಟ್ಟಳು. "ಅಪ್ಪಾ, ಅವಳು ಬೀಳ್ತಾನೇ ಇಲ್ಲ" ಅಂತ ನೀನು ಎದ್ದು ನಿಂತಿದ್ದೆ. ಗಂಡಸರು 1924ರಿಂದಲೇ ಒಲಿಂಪಿಕ್ಸ್‌ನಲ್ಲಿ ಹಾರುತ್ತಿದ್ದರು. ಹೆಣ್ಣುಮಕ್ಕಳಿಗೆ ಅವಕಾಶ ಸಿಕ್ಕಿದ್ದು 2014ರಲ್ಲಿ.

ಅದೇ ಲುಂಡ್ಬಿ 2021ರಲ್ಲಿ, ಮುಂದಿನ ಒಲಿಂಪಿಕ್ಸ್‌ಗೆ ಹೋಗೋದಿಲ್ಲ ಅಂತ ಕಣ್ಣೀರು ಹಾಕುತ್ತಾ ಹೇಳಿದಳು. ಮೈ ಬದಲಾಗಿತ್ತು, ತೂಕ ಹೆಚ್ಚಿತ್ತು. ಇಳಿಸೋಕೆ ಅಂತ ಮೈಯನ್ನು ಹಿಂಸಿಸಲು ಅವಳು ಒಪ್ಪಲಿಲ್ಲ. ಆ ಆಟದಲ್ಲಿ ಹಗುರ ಇದ್ದಷ್ಟೂ ದೂರ. ಆಟಗಾರರು ಊಟ ಬಿಟ್ಟು ಸೊರಗುತ್ತಿದ್ದಾರೆ ಅಂತಲೇ, ತೂಕ ತೀರಾ ಕಮ್ಮಿ ಇದ್ದವರು, ಅಷ್ಟು ದೂರ ಹಾರಲು ಬಿಡದ ಗಿಡ್ಡ ಹಲಗೆ ಕಟ್ಟಬೇಕು ಅನ್ನೋ ನಿಯಮ 2004ರಲ್ಲಿ ಬಂದಿತ್ತು.

ಮೊನ್ನೆ ನಿದ್ದೆ ಬಾರದೆ ಇದನ್ನೆಲ್ಲ ಓದುತ್ತಾ ಕೂತವನಿಗೆ ನಮ್ಮ ಮನೆಯೇ ಕಣ್ಣಮುಂದೆ ಬಂತು. ಪ್ರತಿ ಭಾನುವಾರ ಬೆಳಿಗ್ಗೆ ನಾನು ಬಚ್ಚಲುಮನೆ ಬಾಗಿಲಲ್ಲಿ ತೂಕದ ಮೆಷಿನ್ ಇಡುತ್ತಿದ್ದೆ. ಮುಳ್ಳು 52 ದಾಟಿದರೆ ಆ ವಾರ ನಿನಗೆ ಒಂದೇ ದೋಸೆ, ಅದೂ ತುಪ್ಪ ಇಲ್ಲದ್ದು. ಮೆಷಿನ್ ಹತ್ತುವ ಮೊದಲು ನೀನು ಕಿವಿಯ ಓಲೆ ಬಿಚ್ಚಿ ಕಿಟಕಿ ಕಟ್ಟೆ ಮೇಲೆ ಇಡುತ್ತಿದ್ದೆ. ಕಡಲೆಬೇಳೆಯಷ್ಟು ಓಲೆ. ಅದನ್ನು ನೋಡಿಯೂ ನಾನು ಸುಮ್ನಿದ್ದೆ. ಹಾಗೆ ಮಾಡಿ ಅಂತ ನನಗೆ ಯಾರೂ ಹೇಳಿರಲಿಲ್ಲ. ತಪ್ಪಾಯ್ತು ಪುಟ್ಟಿ.

ಈಗ ಎಲ್ಲರೂ "ಮುಂದೇನು?" ಅಂತ ಕೇಳುತ್ತಾರೆ. ನೀನು ಅವಸರ ಮಾಡಬೇಡ. ಜರ್ಮನಿಯ ಸ್ಕೀ ಜಂಪ್ ಆಟಗಾರ ಸ್ವೆನ್ ಹನ್ನಾವಾಲ್ಡ್, 'ನಾಲ್ಕು ಬೆಟ್ಟ'ಗಳ ಪಂದ್ಯಾವಳಿಯಲ್ಲಿ ನಾಲ್ಕೂ ಬೆಟ್ಟಗಳ ಸ್ಪರ್ಧೆಯನ್ನು ಒಂದೇ ಸಲಕ್ಕೆ ಗೆದ್ದ ಮೊದಲಿಗ. ಅದು 2002ರ ಜನವರಿ. 2004ರ ಹೊತ್ತಿಗೆ ಪೂರ್ತಿ ಬಳಲಿಹೋಗಿ ಆಸ್ಪತ್ರೆ ಸೇರಿದ, 2005ರಲ್ಲಿ ಆಟವನ್ನೇ ಬಿಟ್ಟ. ಆಮೇಲೆ ಕಾರ್ ರೇಸಿಗೆ ಇಳಿದ. ಕೊನೆಗೆ ಅದೇ ಸ್ಕೀ ಜಂಪ್ ಬಗ್ಗೆ ಟೀವಿಯಲ್ಲಿ ವಿವರಿಸುವವನಾದ. ತನ್ನ ಆಟದ ಹತ್ತಿರ ಅವನು ವಾಪಸ್ ಬಂದ ಅಂತ ಓದಿ ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತಾ?

ದೊಡ್ಡಮ್ಮ ಆಗಲೇ ಫೋನ್ ಮಾಡಿ "ಇಷ್ಟು ವರ್ಷದ್ದು ದಂಡ ಆಯ್ತಲ್ಲ" ಅಂದರು. ಕಂಠೀರವದಲ್ಲಿ ನೀನು 5.80 ಮೀಟರ್ ದಾಟಿ, ಮಂಡಿ ತುಂಬ ಮರಳು ಮೆತ್ತಿಕೊಂಡು ನನ್ನ ಕಡೆ ಓಡಿ ಬಂದ ಮುಖ ನಾನು ನೋಡಿದ್ದೀನಿ, ದಂಡ ಹೇಗಾಗುತ್ತೆ ಅಂದೆ.

ಭಾನುವಾರ ಬಾ. ವೈಟ್‌ಫೀಲ್ಡ್‌ನಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ನ್ಯಾಷನಲ್ ಕಾಲೇಜ್ ಸ್ಟೇಷನ್‌ನಲ್ಲಿ ಇಳಿ. ನಾನು ಸ್ಕೂಟರ್ ತಗೊಂಡು ಬಂದಿರುತ್ತೇನೆ. ಅಮ್ಮ ಶನಿವಾರವೇ ದೋಸೆ ಹಿಟ್ಟು ರುಬ್ಬುತ್ತಾಳಂತೆ. ಮೆಷಿನ್ ಗುಜರಿಯವನಿಗೆ ಕೊಟ್ಟಾಯ್ತು. ನಿನ್ನ ಸ್ಪೈಕ್ಸ್ ಮಾತ್ರ ಹಾಗೇ ಇಟ್ಟಿದ್ದೀನಿ, ಒಳಗೆ ಇನ್ನೂ ಮರಳಿದೆ. ಅದನ್ನೇನು ಮಾಡಬೇಕು ಅಂತ ನೀನೇ ಬಂದು ಹೇಳು.

ನಿನ್ನ ಅಪ್ಪ