ನಲವತ್ತು ದಾಟಿದ ಹೆಣ್ಣುಮಕ್ಕಳಿಗೆ ವಾರಕ್ಕೊಂದು ದಿನ ಕೊಡಿ: ಹಾವೇರಿ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಬಸುರಿ, ಬಾಣಂತಿಯರಿಗೆ ನಿಮ್ಮ ಇಲಾಖೆಯಲ್ಲಿ ತಾಯಿ ಕಾರ್ಡ್ ಇದೆ, ತಪಾಸಣೆಯ ದಿನ ಇದೆ, ಮನೆಗೆ ಬರುವ ಆಶಾ ಇದ್ದಾರೆ. ಅದೇ ಹೆಣ್ಣುಮಗಳಿಗೆ ನಲವತ್ತೈದರ ಸುಮಾರಿಗೆ ಮುಟ್ಟು ಏರುಪೇರಾದರೆ ಕೇಳುವವರಿಲ್ಲ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ನಲವತ್ತು ದಾಟಿದವರಿಗೆಂದೇ ವಾರಕ್ಕೊಂದು ದಿನ ತಪಾಸಣೆ ನಡೆಸಿ. ನಾವು ಕೇಳುವುದು ಇಷ್ಟೇ, ವರ್ಷಗಳಿಂದ ಕೇಳುತ್ತಲೇ ಇದ್ದೇವೆ.

ಇದು ಇಲ್ಲದಿದ್ದರೆ ಏನಾಗುತ್ತದೆ ಎಂದು ಈ ಜಿಲ್ಲೆಗೆ ಹೊಸದಾಗಿ ಹೇಳಬೇಕೇ? ಅಗತ್ಯವಿಲ್ಲದೆ ಗರ್ಭಚೀಲ ತೆಗೆದರೆಂದು ದೂರಿ, ಪರಿಹಾರ ಕೊಡಿ ಎಂದು ರಾಣೆಬೆನ್ನೂರು ತಾಲ್ಲೂಕಿನ ತಾಂಡಾಗಳ ಹೆಣ್ಣುಮಕ್ಕಳು ಬೀದಿಗಿಳಿದರು. ಕೂಲಿ ಮಾಡಿ ಉಣ್ಣುವವರು ಅವರು. ಗರ್ಭಚೀಲದ ಜೊತೆ ಎರಡೂ ಅಂಡಾಶಯ ತೆಗೆದರೆ ಮೂವತ್ತೈದರ ಹೆಂಗಸಿಗೂ ಅಂದೇ ಮುಟ್ಟು ನಿಂತಂತೆ. ಮೂಳೆ ಬೇಗ ಸವೆಯುತ್ತದೆ, ಹೃದಯಕಾಯಿಲೆಯ ಅಪಾಯ ಏರುತ್ತದೆ. ಅಂಥವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ, ಅಂಡಾಶಯದಲ್ಲಿ ಹುಟ್ಟುವ ಈಸ್ಟ್ರೋಜೆನ್ ಹಾರ್ಮೋನನ್ನು ಔಷಧವಾಗಿ ಕೊಡಬೇಕು. ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದ್ದು ನಿಮಗೆ ಗೊತ್ತೇ ಇದೆ. ಆದರೂ "ಚೀಲ ತೆಗಿಸಿಬಿಡ್ರಿ, ಕಿರಿಕಿರಿನ ಇರೂದಿಲ್ಲ" ಎಂಬ ಮಾತು ಇನ್ನೂ ನಿಂತಿಲ್ಲ. ಇದಕ್ಕೆ ಉತ್ತರ ಕೊಡುವವರು ಯಾರು?

ಹೆಚ್ಚು ರಕ್ತ ಹೋಗುತ್ತಿದ್ದರೆ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಸ್ಕ್ಯಾನಿಂಗ್. ಅನುಮಾನವಿದ್ದರೆ ಗರ್ಭಕೋಶದ ಒಳಪದರದ ಬಯಾಪ್ಸಿ, ಅಂದರೆ ಚೂರು ತೆಗೆದು ಪರೀಕ್ಷೆ. ಆಮೇಲೆ ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯೋ ಹಾರ್ಮೋನ್ ಇರುವ ಕಾಪರ್-ಟಿಯಂಥ ಸಾಧನವೋ. ಕತ್ತರಿ ಹಿಡಿಯುವುದು ಇವೆಲ್ಲ ಆದ ಮೇಲೆ.

ನಲವತ್ತೈದು ದಾಟಿದವರಿಗೆ 12 ತಿಂಗಳು ಮುಟ್ಟು ಬರದಿದ್ದರೆ ಮುಟ್ಟು ನಿಂತಿದೆ ಎಂದೇ ಲೆಕ್ಕ, ದುಬಾರಿ ಹಾರ್ಮೋನ್ ಪರೀಕ್ಷೆ ಬೇಕಿಲ್ಲ. ನಲವತ್ತಕ್ಕೆ ಮೊದಲೇ ನಿಂತರೆ ಪರೀಕ್ಷೆ ಬೇಕೇ ಬೇಕು. ಆ 12 ತಿಂಗಳ ನಂತರ ಒಂದು ಹನಿ ರಕ್ತ ಕಂಡರೂ ಸ್ಕ್ಯಾನ್ ಆಗಬೇಕು. ಒಳಪದರ 4 ಮಿ.ಮೀ.ಗಿಂತ ದಪ್ಪವಿದ್ದರೆ ಬಯಾಪ್ಸಿ. "ಉಷ್ಣ ಆಗೇತಿ" ಎಂದು ಮನೆಗೆ ಕಳಿಸಿದರೆ ಗರ್ಭಕೋಶದ ಕ್ಯಾನ್ಸರ್ ತಡವಾಗಿ ಗೊತ್ತಾಗುತ್ತದೆ.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಮೈಯೆಲ್ಲ ಬಿಸಿಯೇರಿ ಬೆವರು ಕಿತ್ತುಬಂದರೆ ಖಾರಕ್ಕೆ ಅಂದುಕೊಳ್ಳುತ್ತಾರೆ. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಕೂಲಿ ತಪ್ಪುವುದಿಲ್ಲ. ಮೂತ್ರದ ಉರಿಗೆ ಮತ್ತೆ ಮತ್ತೆ ಆಂಟಿಬಯೋಟಿಕ್ ಬರೆಯುತ್ತಾರೆ. ಈಸ್ಟ್ರೋಜೆನ್ ಕಡಿಮೆಯಾಗಿ ಯೋನಿ ಒಣಗಿದ್ದೇ ಕಾರಣವಾಗಿದ್ದರೆ ಬೇಕಾದದ್ದು ಸಣ್ಣ ಪ್ರಮಾಣದ ಈಸ್ಟ್ರೋಜೆನ್ ಕ್ರೀಮು. ಬಿಸಿಯೇರುವಿಕೆ ತಡೆಯಲಾರದಷ್ಟಿದ್ದರೆ, ಅರವತ್ತರೊಳಗೆ ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಹಾರ್ಮೋನ್ ಚಿಕಿತ್ಸೆ ಶುರುಮಾಡಬಹುದು. ಗರ್ಭಕೋಶ ಇರುವವರಿಗೆ ಈಸ್ಟ್ರೋಜೆನ್ ಒಂದನ್ನೇ ಕೊಡಬಾರದು, ಪ್ರೊಜೆಸ್ಟೆರಾನ್ ಎಂಬ ಇನ್ನೊಂದು ಹಾರ್ಮೋನ್ ಜೊತೆಗಿರಲೇಬೇಕು. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ರಕ್ತ ಹೆಪ್ಪುಗಟ್ಟಿದ್ದವರಿಗೆ, ಕಾರಣ ತಿಳಿಯದ ರಕ್ತಸ್ರಾವ ಇರುವವರಿಗೆ ಇದು ಬೇಡ. ಇದನ್ನೆಲ್ಲ ಕೇಳಿ ತಿಳಿದು ಬರೆಯಲು ವೈದ್ಯರಿಗೂ ಸಮಯ ಬೇಕು. ಅದಕ್ಕೇ ವಾರಕ್ಕೊಂದು ದಿನ ಕೊಡಿ ಎನ್ನುವುದು.

ಮುಟ್ಟು ನಿಂತವರಿಗೆ ದಿನಕ್ಕೆ 1,000ದಿಂದ 1,200 ಮಿ.ಗ್ರಾಂ. ಕ್ಯಾಲ್ಸಿಯಂ ಬೇಕು. ನಮ್ಮ ಊಟ ಜೋಳದ ರೊಟ್ಟಿ. ಜೋಳದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ. ಮೊಸರು, ಎಳ್ಳು, ವಾರದಲ್ಲಿ ನಾಲ್ಕು ದಿನವಾದರೂ ರಾಗಿ ಸೇರಿಸಿ ಎಂದು ಹೇಳುವವರು ಬೇಕು. ಬಸುರಿಯರಿಗೆ ಕೊಡುವ 500 ಮಿ.ಗ್ರಾಂ. ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆಯನ್ನು ಊಟದಲ್ಲಿ ಸಾಲದ ಈ ಹೆಣ್ಣುಮಕ್ಕಳಿಗೂ ಕೊಡಿಸಿ. ಕಬ್ಬಿಣದ ಮಾತ್ರೆಯ ಜೊತೆ ನುಂಗಬಾರದು, ಎರಡು ತಾಸು ಅಂತರವಿರಲಿ ಎಂದು ಆಶಾ ಕಾರ್ಯಕರ್ತೆಯರೇ ಹೇಳಬಲ್ಲರು.

ಹುಬ್ಬಳ್ಳಿಗೆ ಹೋಗಿ ಎನ್ನಬೇಡಿ. ಬಸ್ಸಿಗೆ ದುಡ್ಡು ಬೇಕಿಲ್ಲ ನಿಜ, ದಿನದ ಕೂಲಿ ಹೋಗುತ್ತದೆ. ನಮ್ಮ ತಾಲ್ಲೂಕಿನಲ್ಲೇ ವಾರಕ್ಕೊಂದು ದಿನ ಕೊಡಿ. ಯಾವ ದಿನವೆಂದು ನೀವೇ ಗೊತ್ತುಮಾಡಿ. ಸಂತೆಯ ದಿನವಾದರೆ ಹಳ್ಳಿಯವರಿಗೆ ಅನುಕೂಲ. ಆ ದಿನವನ್ನು ಆಸ್ಪತ್ರೆಯ ಬಾಗಿಲಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ.

ಇಂತಿ,
ಹಾವೇರಿ ಜಿಲ್ಲೆಯ ನಾಗರಿಕರು