ಸರ್ಕಾರಕ್ಕೆ ಹೋಗದ ಸುಂಕವನ್ನು ನನ್ನಿಂದ ಯಾಕೆ ವಸೂಲಿ ಮಾಡಿದಿರಿ?

ಗೆ,
ಮುಖ್ಯಸ್ಥರು,
ಗ್ರಾಹಕರ ದೂರು ವಿಭಾಗ

ವಿಷಯ: ಹೊಲಿಗೆ ಯಂತ್ರದ ಬಿಲ್ಲಿನಲ್ಲಿ ‘ಆಮದು ಸುಂಕ ಹೊಂದಾಣಿಕೆ’ ಎಂದು ತೆಗೆದುಕೊಂಡ ಹಣ ವಾಪಸ್ ಕೊಡುವ ಬಗ್ಗೆ

ಮಾನ್ಯರೇ,

ಕಳೆದ ತಿಂಗಳು ನಿಮ್ಮ ವೆಬ್‌ಸೈಟಿನಿಂದ ಒಂದು ಹೊಲಿಗೆ ಯಂತ್ರ ತರಿಸಿಕೊಂಡೆ. ಯಂತ್ರ ಚೆನ್ನಾಗಿದೆ, ಅದರ ಬಗ್ಗೆ ತಕರಾರಿಲ್ಲ. ತಕರಾರು ಬಿಲ್ಲಿನ ಮೂರನೇ ಸಾಲಿನದು. ಅಲ್ಲಿ ‘ಆಮದು ಸುಂಕ ಹೊಂದಾಣಿಕೆ, ಶೇ 25’ ಎಂದಿದೆ. ಹೊಲಿಗೆಯೇ ನನ್ನ ಕಸುಬು. ಈ ಯಂತ್ರಕ್ಕೆಂದು ಎಂಟು ತಿಂಗಳು ದುಡ್ಡು ಕೂಡಿಟ್ಟಿದ್ದೆ. ಆ ಒಂದು ಸಾಲಿಗೆ ಇನ್ನೂ ಎರಡು ತಿಂಗಳ ಉಳಿತಾಯ ಹೋಯಿತು.

ನಿಮ್ಮ ಗ್ರಾಹಕ ಸೇವೆಗೆ ಫೋನ್ ಮಾಡಿದೆ. ಮೊದಲು ಮಾತಾಡಿದವರು “ಅದು ಸರ್ಕಾರದ ತೆರಿಗೆ, ನಮ್ಮ ಕೈಯಲ್ಲಿಲ್ಲ” ಅಂದರು. ಹಾಗಾದರೆ ಕಟ್ಟಿದ್ದಕ್ಕೆ ದಾಖಲೆ ತೋರಿಸಿ ಎಂದೆ. ಮಾರನೇ ದಿನ ಇನ್ನೊಬ್ಬರು ಫೋನ್ ಮಾಡಿ, “ಸುಂಕ ಅಂದ್ರೆ ತೆರಿಗೆ ಅಲ್ಲ ಮೇಡಂ, ಅದನ್ನು ಹೊರದೇಶದ ಕಂಪನಿ ಕಟ್ಟುತ್ತೆ. ನಿಮಗೆ ದಾಖಲೆ ಬರಲ್ಲ” ಅಂದರು. ಕೊನೆಗೆ ಬಂದ ಇಮೇಲ್ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿತ್ತು. ‘ವ್ಯಾಪಾರ ನೀತಿಯ ಬದಲಾವಣೆಯಿಂದಾದ ಹೊಂದಾಣಿಕೆ’ ಅಂತೆ. ಹೊರದೇಶದವರು ಕಟ್ಟುವ ಹಣವಾದರೆ ಅದು ನನ್ನ ಬಿಲ್ಲಿಗೆ ಹೇಗೆ ಬಂತು? ಈ ಪ್ರಶ್ನೆಗೆ ನಿಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಅದಕ್ಕೇ ಈ ಪತ್ರ.

ಆಮದು ಸುಂಕ ತೆರಿಗೆಯೇ. ಸರಕು ಗಡಿ ದಾಟಿ ಒಳಗೆ ಬರುವಾಗ ಸರ್ಕಾರ ಕಾನೂನಿನ ಬಲದಿಂದ ವಸೂಲಿ ಮಾಡುವ ಹಣ ಅದು. ಅಮೆರಿಕದ ಸಂವಿಧಾನ ತೆರಿಗೆ, ಸುಂಕ ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ, ಅವನ್ನು ಹಾಕುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. 1913ರಲ್ಲಿ ಆದಾಯ ತೆರಿಗೆ ನೆಲೆಯೂರುವ ಮುಂಚೆ, 19ನೇ ಶತಮಾನದ ಬಹುಪಾಲು ಆ ಸರ್ಕಾರ ನಡೆದದ್ದೇ ಸುಂಕದ ದುಡ್ಡಿನಲ್ಲಿ. ಇದನ್ನು ಕಟ್ಟುವವರು ಯಾರು? ಸರಕು ತರಿಸಿಕೊಳ್ಳುವ ಆಮದುದಾರರು. ಅಂದರೆ ಇಲ್ಲಿ ನೀವು. ಕಳಿಸಿದ ಕಾರ್ಖಾನೆಗೆ ಕಸ್ಟಮ್ಸ್‌ನವರು ಬಿಲ್ ಕಳಿಸುವುದಿಲ್ಲ. ಕೆಲವೊಮ್ಮೆ ಆ ಕಾರ್ಖಾನೆಯವರು ವ್ಯಾಪಾರ ಕೈತಪ್ಪಬಾರದು ಎಂದು ಬೆಲೆ ಇಳಿಸಿ ಹೊರೆಯಲ್ಲಿ ಒಂದು ಪಾಲು ಹೊರುವುದುಂಟು, ಒಪ್ಪುತ್ತೇನೆ. ಉಳಿದದ್ದು ಆಮದುದಾರರ ಲಾಭದಿಂದ ಹೋಗಬೇಕು, ಇಲ್ಲವೇ ಕೊಳ್ಳುವವರ ಜೇಬಿನಿಂದ.

ಹಾಗಾಗಿ ನೀವು ನಿಜವಾಗಿ ಸುಂಕ ಕಟ್ಟಿ, ಅದನ್ನೇ ನನ್ನಿಂದ ತೆಗೆದುಕೊಂಡಿದ್ದರೆ ನಾನು ಸುಮ್ನೆ ಇರುತ್ತಿದ್ದೆ. ಆದರೆ ಯಂತ್ರ ಬಂದ ಡಬ್ಬಿಯನ್ನು ಮಡಚಿಡಲು ಬಿಚ್ಚಿದಾಗ ಅದರ ತಳದಲ್ಲಿ ಒಂದು ಬಿಳಿ ಚೀಟಿ ಕಂಡಿತು. ಅರ್ಧ ಅಂಟುಪಟ್ಟಿಯ ಕೆಳಗೆ ಮುಚ್ಚಿಹೋಗಿತ್ತು. ಉಗುರಿನಿಂದ ಮೆಲ್ಲಗೆ ಎತ್ತಿ ನೋಡಿದೆ. ‘ಆಮದು ಮಾಡಿದ ತಿಂಗಳು: ಜನವರಿ’ ಎಂದು ಅಚ್ಚಾಗಿದೆ. ನಿಮ್ಮ ಬಿಲ್ಲಿನಲ್ಲಿರುವ ಶೇ 25ರ ಹೊಸ ಸುಂಕ ಜಾರಿಗೆ ಬಂದದ್ದು ಏಪ್ರಿಲ್‌ನಲ್ಲಿ. ಅಂದರೆ ಈ ಯಂತ್ರ ಹಳೇ ದರದಲ್ಲೇ ಬಂದರು ದಾಟಿ, ಮೂರು ತಿಂಗಳಿಂದ ನಿಮ್ಮ ಗೋದಾಮಿನಲ್ಲಿ ಕೂತಿತ್ತು. ಇದರ ಮೇಲೆ ಆ ಶೇ 25ರಲ್ಲಿ ಬಿಡಿಗಾಸೂ ಬೊಕ್ಕಸಕ್ಕೆ ಹೋಗಿಲ್ಲ. ಪೂರ್ತಿ ನಿಮ್ಮಲ್ಲೇ ಉಳಿಯಿತು.

‘ಮುಂದಿನ ಸರಕು ತರಿಸಲು ಜಾಸ್ತಿ ಖರ್ಚಾಗುತ್ತದೆ, ಅದಕ್ಕೆ ಈಗಲೇ ಏರಿಸಿದೆವು’ ಎಂದು ನೀವು ಹೇಳಬಹುದು. ಹಾಗಿದ್ದರೆ ಬೆಲೆ ಏರಿಸಿದ್ದೇವೆ ಅಂತಲೇ ಬರೆಯಿರಿ. ಆಗ ಬೇರೆ ಕಡೆ ವಿಚಾರಿಸಿ ನೋಡುತ್ತಿದ್ದೆ. ಸುಂಕ ಅಂತ ಬರೆದಾಗ ಎಲ್ಲಿ ಕೊಂಡರೂ ಇದು ತಪ್ಪದು ಅಂದುಕೊಂಡೆ. ಮರುಮಾತಾಡದೆ ದುಡ್ಡು ಕಟ್ಟಿದೆ.

ಇನ್ನೊಂದು ಲೆಕ್ಕವೂ ತಪ್ಪಿದೆ. ಹೀಗೆ ಶೇಕಡಾವಾರು ಹಾಕುವ ಸುಂಕವನ್ನು ಲೆಕ್ಕ ಹಾಕುವುದು ಗಡಿಯಲ್ಲಿ ತೋರಿಸಿದ ಬೆಲೆಯ ಮೇಲೆ. ಅಲ್ಲಿ 100 ಎಂದು ತೋರಿಸಿದ ಯಂತ್ರವನ್ನು ನೀವು ಸಾಗಣೆ, ಜಾಹೀರಾತು, ಲಾಭ ಎಲ್ಲ ಸೇರಿಸಿ 180ಕ್ಕೆ ಮಾರುತ್ತೀರಿ ಎಂದುಕೊಳ್ಳಿ. ಸರ್ಕಾರಕ್ಕೆ ಹೋಗಬೇಕಾದ್ದು 25. ನಿಮ್ಮ ಬಿಲ್ ಶೇ 25ನ್ನು ಹಾಕಿರುವುದು ಮಾರುವ ಬೆಲೆಯ ಮೇಲೆ, ಅಂದರೆ 45. ಮೇಲಿನ 20 ಯಾರದು? ಹೊಸ ದರದಲ್ಲೇ ಬಂದ ಯಂತ್ರ ಕೊಂಡವರಿಗೂ ಇದೇ ರೀತಿ ಹಾಕುತ್ತಿದ್ದರೆ ಅವರೂ ಮೋಸ ಹೋಗುತ್ತಿದ್ದಾರೆ.

ನಿಮ್ಮದೇ ಬ್ರ್ಯಾಂಡಿನ, ದೇಶದಲ್ಲೇ ತಯಾರಾದ ಯಂತ್ರದ ಬೆಲೆ ಕೂಡ ಅದೇ ವಾರ ಏರಿತು. ಅದು ಯಾವ ಗಡಿಯನ್ನೂ ದಾಟಿಲ್ಲ, ಅಲ್ವಾ? ಗಾಳಿ ಬಂದಾಗ ತೂರಿಕೊಂಡಿದ್ದೀರಿ. ಇದು ಹೊಸದೇನಲ್ಲ. 2018ರಲ್ಲಿ ಅಮೆರಿಕ ಹೊರಗಿನಿಂದ ಬರುವ ಬಟ್ಟೆ ಒಗೆಯುವ ಯಂತ್ರಗಳಿಗೆ ಶೇ 20ರಿಂದ 50ರವರೆಗೆ ಸುಂಕ ಹಾಕಿತು. ಆಮೇಲೆ ಅಲ್ಲಿನ ಕೇಂದ್ರ ಬ್ಯಾಂಕಿನ ಮತ್ತು ಷಿಕಾಗೊ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದರು. ಒಗೆಯುವ ಯಂತ್ರದ ಬೆಲೆ ಸುಮಾರು ಶೇ 12ರಷ್ಟು ಏರಿತ್ತು. ಸುಂಕವೇ ಇಲ್ಲದ, ಬಟ್ಟೆ ಒಣಗಿಸುವ ಯಂತ್ರದ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಏರಿತ್ತು, ಯಾಕೆಂದರೆ ಜನ ಎರಡನ್ನೂ ಜೊತೆಯಾಗಿ ಕೊಳ್ಳುತ್ತಾರೆ. ಗ್ರಾಹಕರ ಮೇಲೆ ವರ್ಷಕ್ಕೆ ಸುಮಾರು 150 ಕೋಟಿ ಡಾಲರ್ ಹೊರೆ ಬಿತ್ತು. ಬೊಕ್ಕಸಕ್ಕೆ ಬಂದ ಸುಂಕ 8 ಕೋಟಿ ಡಾಲರ್ ಚಿಲ್ಲರೆ. ಸುಮಾರು 1,800 ಜನರಿಗೆ ಕೆಲಸ ಸಿಕ್ಕಿತು. ಅದು ಒಳ್ಳೆಯದೇ. ಆದರೆ ಒಂದೊಂದು ಕೆಲಸಕ್ಕೆ ಕೊಂಡವರು ತೆತ್ತದ್ದು 8 ಲಕ್ಷ ಡಾಲರ್‌ಗೂ ಜಾಸ್ತಿ.

ನಾನು ಸುಂಕವೇ ಬೇಡ ಎನ್ನುವವಳಲ್ಲ. ಈಗಷ್ಟೇ ಕಣ್ಣು ಬಿಡುತ್ತಿರುವ ಒಂದು ಉದ್ಯಮಕ್ಕೆ ಸ್ವಲ್ಪ ಕಾಲ ಆಸರೆ ಬೇಕಾಗಬಹುದು. ಕಾರ್ಖಾನೆಯಲ್ಲಿ ದುಡಿಯುವವರ ಅನ್ನದ ಪ್ರಶ್ನೆ ಅದು. ಆದರೆ ಲಾಭ ಯಾರಿಗೆ, ಹೊರೆ ಯಾರಿಗೆ ಎಂಬುದು ಗೊತ್ತಾಗಬೇಕು. ಬ್ರಿಟನ್ನಿನಲ್ಲಿ 1815ರಿಂದ 1846ರವರೆಗೆ ಹೊರಗಿನ ಧಾನ್ಯದ ಮೇಲೆ ಕಟ್ಟುನಿಟ್ಟಿನ ಸುಂಕದ ಕಾಯ್ದೆಗಳಿದ್ದವು. ಲಾಭ ಭೂಮಾಲೀಕರದಾಯಿತು, ಬ್ರೆಡ್ಡಿಗೆ ಹೆಚ್ಚು ತೆತ್ತವರು ಕೂಲಿಯವರು. ಅಲ್ಲಿ ಕನಿಷ್ಠ ಯಾರಿಗೆ ಲಾಭ ಎಂಬುದು ಕಣ್ಣಿಗೆ ಕಾಣುತ್ತಿತ್ತು, ಅದರ ವಿರುದ್ಧ ಜನ ಹೋರಾಡಿ ಗೆದ್ದರು. ನಿಮ್ಮ ಮೂರನೇ ಸಾಲು ಅದನ್ನೇ ಮರೆಮಾಚುತ್ತದೆ. ಸರ್ಕಾರಕ್ಕೆಷ್ಟು, ನಿಮಗೆಷ್ಟು ಎಂದು ತಿಳಿಯದೆ ಈ ಸುಂಕ ಸರಿಯೋ ತಪ್ಪೋ ಎಂದು ನಾವು ಹೇಗೆ ಹೇಳುವುದು? ನನಗೆ ಹಣಕ್ಕಿಂತ ಹೆಚ್ಚಾಗಿ ನೋವಾದದ್ದು ಇದೇ.

ಆದ್ದರಿಂದ ಮೂರನೇ ಸಾಲಿನ ಪೂರ್ತಿ ಹಣವನ್ನು ನನಗೆ ವಾಪಸ್ ಮಾಡಿ. ಏಪ್ರಿಲ್‌ಗೆ ಮುಂಚೆ ಬಂದ ಯಂತ್ರಗಳನ್ನು ಕೊಂಡ ಉಳಿದವರಿಗೂ, ಅವರು ಕೇಳಲಿ ಬಿಡಲಿ, ಕೊಡಿ. ಇನ್ನು ಮುಂದೆ ಸುಂಕ ಎಂದು ಬಿಲ್ಲಿನಲ್ಲಿ ಬರೆದರೆ ನೀವು ಕಸ್ಟಮ್ಸ್‌ಗೆ ನಿಜವಾಗಿ ಕಟ್ಟಿದ ಮೊತ್ತವಷ್ಟೇ ಅಲ್ಲಿರಲಿ. ಫೋನಿನಲ್ಲಿ ಮಾತಾಡುವ ನಿಮ್ಮ ಹುಡುಗ ಹುಡುಗಿಯರಿಗೂ ಸರಿಯಾದ ಮಾಹಿತಿ ಕೊಡಿ. ಅವರ ಮೇಲೆ ನನಗೆ ಕೋಪವಿಲ್ಲ, ಬರೆದುಕೊಟ್ಟದ್ದನ್ನು ಅವರು ಓದುತ್ತಾರೆ ಅಷ್ಟೇ.

ಬಿಲ್ಲಿನ ಪ್ರತಿ, ನಿಮ್ಮ ಇಮೇಲ್ ಮತ್ತು ಡಬ್ಬಿಯ ತಳದ ಚೀಟಿಯ ಫೋಟೊ ಲಗತ್ತಿಸಿದ್ದೇನೆ. ಡಬ್ಬಿಯನ್ನು ಹಾಗೆಯೇ ಎತ್ತಿಟ್ಟಿದ್ದೇನೆ. 15 ದಿನದೊಳಗೆ ಬರಹದಲ್ಲಿ ಉತ್ತರ ಬರದಿದ್ದರೆ ಅದನ್ನು ಗ್ರಾಹಕ ನ್ಯಾಯಾಲಯಕ್ಕೆ ತೆಗೆದುಕೊಂಡು ಹೋಗುತ್ತೇನೆ.

ಇತಿ,
ನಿಮ್ಮ ಗ್ರಾಹಕಿ