ಪೈಲಟ್ ಆಗಬೇಕೆನ್ನುವವರು ಇದನ್ನೊಮ್ಮೆ ಓದಿ

ಸದಸ್ಯರ ಗಮನಕ್ಕೆ. "ಆಟೋಪೈಲಟ್ ಇದೆಯಲ್ಲ, ಪೈಲಟ್‌ಗೇನು ಕೆಲಸ?" ಎಂಬ ಪ್ರಶ್ನೆ ಗುಂಪಿನಲ್ಲಿ ಪದೇ ಪದೇ ಬರುತ್ತಿದೆ. ಉತ್ತರ ಒಂದೇ ಕಡೆ ಇರಲಿ ಎಂದು ಹಾಕುತ್ತಿದ್ದೇವೆ.

ಹಾರಾಟದ ಬಹುಪಾಲು ಆಟೋಪೈಲಟ್‌ನಲ್ಲೇ ಸಾಗುತ್ತದೆ, ನಿಜ. ಆದರೆ ಅದು ಹೇಳಿದಷ್ಟನ್ನೇ ಮಾಡುತ್ತದೆ, ತಪ್ಪು ಹೇಳಿದರೆ ತಪ್ಪನ್ನೂ! ಹೊರಡುವ ಸುಮಾರು ಒಂದು ಗಂಟೆ ಮೊದಲೇ ಹಾಜರಾಗಿ ಹವಾಮಾನ, ನೋಟಾಮ್ (ರನ್‌ವೇ ಮುಚ್ಚಿದೆ ಎಂಬಂಥ ಎಚ್ಚರಿಕೆಯ ಸೂಚನೆಗಳು), ಇಂಧನ ನೋಡಬೇಕು. ಇಂಧನದ ಲೆಕ್ಕ ತಲುಪುವ ಊರಿಗೇ ಮುಗಿಯುವುದಿಲ್ಲ: ಟ್ಯಾಕ್ಸಿ (ವಿಮಾನ ನೆಲದ ಮೇಲೆ ಸಾಗುವುದು), ದಾರಿ, ಆಕಸ್ಮಿಕ, ಪರ್ಯಾಯ ನಿಲ್ದಾಣ, ಅದರ ಮೇಲೆ ಜೆಟ್ಟಿಗೆ 30 ನಿಮಿಷದ ಕೊನೆಯ ಮೀಸಲು. ಒಬ್ಬರು ಕೆಳಗಿಳಿದು ಟೈರು, ಪಿಟೋ ಕೊಳವೆ (ಗಾಳಿಯಲ್ಲಿನ ವೇಗ ಅಳೆಯುವುದು), ಎಂಜಿನ್ ಬ್ಲೇಡು ನೋಡುವಾಗ ಇನ್ನೊಬ್ಬರು ಮಾರ್ಗವನ್ನು ಕಂಪ್ಯೂಟರಿಗೆ ತುಂಬುತ್ತಾರೆ. ತೂಕದ ಒಂದಂಕಿ ತಪ್ಪಿದರೂ ಟೇಕಾಫ್ ವೇಗಗಳು ತಪ್ಪುತ್ತವೆ. ಇಬ್ಬರೂ ಬೇರೆಬೇರೆಯಾಗಿ ತಾಳೆ ನೋಡುವುದು ಅದಕ್ಕೇ. 10,000 ಅಡಿಗಿಂತ ಕೆಳಗೆ ಕಾಕ್‌ಪಿಟ್‌ನಲ್ಲಿ ಹರಟೆ ಬಂದ್.

ಊರೂರು ನೋಡಬಹುದು ಎಂದುಕೊಂಡವರಿಗೆ: ಕಡಿಮೆ ದೂರದ ಹಾರಾಟದಲ್ಲಿ ದಿನಕ್ಕೆ ನಾಲ್ಕು ಸೆಕ್ಟರ್ (ಒಂದು ಟೇಕಾಫ್‌ನಿಂದ ಒಂದು ಲ್ಯಾಂಡಿಂಗ್‌ವರೆಗೆ ಒಂದು ಸೆಕ್ಟರ್) ಮಾಡಿದರೂ ಕಾಣುವುದು ನಿಲ್ದಾಣದ ಕಾಂಕ್ರೀಟು ಮಾತ್ರ. ನಸುಕಿನ ಪಾಳಿ, ತಡರಾತ್ರಿಯ ಪಾಳಿ ಬೆನ್ನುಬೆನ್ನಿಗೆ ಬಂದಾಗ ನಿದ್ದೆ ಕೆಡುತ್ತದೆ. ನಮ್ಮ ಲೆಕ್ಕದಲ್ಲಿ ಈ ಕೆಲಸದ ನಿಜವಾದ ಕಷ್ಟ ಇದೇ, ಹಾರಿಸುವುದಲ್ಲ.

ಪರೀಕ್ಷೆಗಳೂ ಮುಗಿಯುವುದಿಲ್ಲ. ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್: ವಿ1 ವೇಗ (ಇದರ ನಂತರ ಟೇಕಾಫ್ ನಿಲ್ಲಿಸುವಂತಿಲ್ಲ) ದಾಟಿದೊಡನೆ ಒಂದು ಎಂಜಿನ್ ಕೈಕೊಡುತ್ತದೆ, ರಡರ್ (ಮೂತಿಯನ್ನು ಎಡಬಲ ತಿರುಗಿಸುವ ಬಾಲದ ಚುಕ್ಕಾಣಿ) ಪೆಡಲ್ ಒತ್ತಿ ನೇರ ಹಿಡಿದು ಏರಬೇಕು.

ತರಬೇತಿಗೆ ಹಣ ಕಟ್ಟುವ ಮೊದಲು ಕ್ಲಾಸ್ 1 (ವೃತ್ತಿಪರ ಪೈಲಟ್‌ಗಳಿಗೆ ಬೇಕಾದ) ವೈದ್ಯಕೀಯ ತಪಾಸಣೆ ಮಾಡಿಸಿ. ಕಟ್ಟಿದ ಮೇಲಲ್ಲ.